ತಿಂಗಳಿಗೆ 750 ರೂಪಾಯಿಯ ದೇಣಿಗೆ ಸೇವೆ: ಎರಡು ವರ್ಷ ಕಟ್ಟಿದ ಮೇಲೆ ನನ್ನ ಅನಿಸಿಕೆ

ಎರಡು ವರ್ಷಕ್ಕೂ ಮೇಲಾಯಿತು. ಪ್ರತಿ ತಿಂಗಳು 5ನೇ ತಾರೀಕು ನನ್ನ ಖಾತೆಯಿಂದ 750 ರೂಪಾಯಿ ಕಟ್ ಆಗುತ್ತದೆ. ಯುದ್ಧಕ್ಕೆ ಹೆದರಿ ಮನೆಮಠ ಬಿಟ್ಟು ಓಡಿದವರಿಗೆ ಊಟ, ಔಷಧಿ, ಟೆಂಟು ಕೊಡುವ ದೊಡ್ಡ ಸಂಸ್ಥೆಯೊಂದರ ತಿಂಗಳ ದೇಣಿಗೆ ಸೇವೆ ಇದು. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಂಥ ಸೇವೆ ನಡೆಸುವವರು ಹಲವರಿದ್ದಾರೆ, ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆ ಎಲ್ಲರಿಗೂ ಒಂದೇ. ಸೇರೋಣವೋ ಬೇಡವೋ ಅಂತ ಯೋಚನೆಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ಸೇರಿದ್ದಕ್ಕೆ ಕಾರಣ ನಮ್ಮ ಹಕ್ಕಿಪಿಕ್ಕಿ ಜನ. 2023ರ ಏಪ್ರಿಲ್ 15ಕ್ಕೆ ಸುಡಾನಿನಲ್ಲಿ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಗಿಡಮೂಲಿಕೆ ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ಕರ್ನಾಟಕದ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಎಲ್ ಫಾಶರ್ ಎಂಬ ಊರಲ್ಲಿ ಸಿಕ್ಕಿಕೊಂಡರು. ಊಟ ಇಲ್ಲ, ನೀರಿಲ್ಲ, ಹೊರಗೆ ಗುಂಡಿನ ಸದ್ದು ಅಂತ ಅವರು ಮೊಬೈಲಿನಲ್ಲಿ ಹೇಳಿಕೊಂಡದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ಪೋರ್ಟ್ ಸುಡಾನ್, ಜೆಡ್ಡಾ ಮೂಲಕ ನಮ್ಮವರನ್ನು ಕರೆತಂದಿತು. ಅವರು ಊರು ಸೇರಿದ ಮೇಲೆ ನಮ್ಮ ಚಾನೆಲ್‌ಗಳಲ್ಲಿ ಎಲ್ ಫಾಶರ್ ಸುದ್ದಿ ನಿಂತೇ ಹೋಯಿತು. ಅಲ್ಲಿಯ ಜನ ಅಲ್ಲೇ ಉಳಿದರು ಅಲ್ವಾ? ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕೆಲವು ತಿಂಗಳಾದ ಮೇಲೆ ಹುಬ್ಬಳ್ಳಿಯ ಒಂದು ಮಾಲಿನ ಬಾಗಿಲಲ್ಲಿ ಟ್ಯಾಬ್ ಹಿಡಿದು ನಿಂತಿದ್ದ ಹುಡುಗನೊಬ್ಬ "ಸರ್, ಎರಡು ನಿಮಿಷ, ದಿನಕ್ಕೆ ಬರೀ 25 ರೂಪಾಯಿ" ಅಂದ. ನಿಂತು ಕೇಳಿದೆ, ಸೇರಿದೆ.

ಸೇವೆಯ ಹೊರಗಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸೇರುವುದು ತುಂಬಾ ಸುಲಭ, ಐದು ನಿಮಿಷದ ಕೆಲಸ. ರಸೀದಿ ಸರಿಯಾಗಿ ಬರುತ್ತದೆ. ತಿಂಗಳಿಗೊಂದು ಇಮೇಲ್, ಅದರಲ್ಲಿ ನಗುವ ಮಗುವಿನ ಫೋಟೋ ಇರುತ್ತದೆ. ವರ್ಷಕ್ಕೊಮ್ಮೆ ಲೆಕ್ಕಪತ್ರ ಕಳಿಸುತ್ತಾರೆ, ಎಷ್ಟು ಹಣ ಆಡಳಿತಕ್ಕೆ, ಎಷ್ಟು ಕೆಲಸಕ್ಕೆ ಅಂತ ಅದರಲ್ಲಿ ಇರುತ್ತದೆ. ಮಧ್ಯದಲ್ಲಿ ಒಮ್ಮೆ ಸ್ವಲ್ಪ ಕಾಲಕ್ಕೆ ಮೊತ್ತ ಕಡಿಮೆ ಮಾಡಬೇಕಾಯಿತು. ಅದಕ್ಕೆ ಮೂರು ಇಮೇಲ್ ಬರೆದು, ಬ್ಯಾಂಕಿಗೂ ಒಂದು ಸಲ ಓಡಾಡಬೇಕಾಯಿತು. ಸೇರಿಸಿಕೊಳ್ಳುವಾಗ ಇದ್ದ ಚುರುಕು ಇಲ್ಲಿ ಇರಲಿಲ್ಲ. ಇದಕ್ಕೆ ಅಂಕ ಕಳೆಯುತ್ತೇನೆ, ಆದರೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದಕ್ಕಾಗಿ ಅಲ್ಲ.

ನಾನು ಶಾಲಾ ಮೇಷ್ಟ್ರು. 2009ರ ಪ್ರವಾಹದಲ್ಲಿ ನಮ್ಮ ಶಾಲೆಯನ್ನೇ ಗಂಜಿ ಕೇಂದ್ರ ಮಾಡಿದ್ದರು, ಪಟ್ಟಿ ಬರೆಯುವ ಕೆಲಸ ನನಗೆ ಬಿತ್ತು. ಯಾವ ಮನೆ, ಎಷ್ಟು ಜನ, ಎಷ್ಟು ಕಿಲೋ ಅಕ್ಕಿ, ಎಷ್ಟು ಚಾದರ. ಮೊದಲ ದಿನ ಸಂಜೆಯೇ ಊರ ಪುಢಾರಿಯೊಬ್ಬ ಬಂದು ಪಕ್ಕದಲ್ಲಿ ಕೂತ. "ಮೇಷ್ಟ್ರೇ, ನೀವು ಯಾಕೆ ತ್ರಾಸ ತಗೋತೀರಿ, ಹೆಸರು ನಾನು ಹೇಳ್ತೀನಿ, ಹಂಚೋದನ್ನೂ ನಮ್ಮ ಹುಡುಗರೇ ನೋಡಿಕೊಳ್ತಾರೆ" ಅಂದ. ಅವನ ಪಟ್ಟಿಯಲ್ಲಿ ಊರಲ್ಲೇ ಇಲ್ಲದವರ ಹೆಸರಿತ್ತು, ಆಚೆ ಓಣಿಯ ಹತ್ತು ಮನೆ ಇರಲಿಲ್ಲ. ನಾನು ಒಪ್ಪಲಿಲ್ಲ, ಎರಡು ದಿನ ಜಗಳ ಆಯಿತು, ಕೊನೆಗೆ ತಹಶೀಲ್ದಾರರು ಬಂದು ಸರಿ ಮಾಡಿದರು. ಅವತ್ತು ನನಗೆ ಅರ್ಥ ಆಗಿದ್ದು ಒಂದು: ಅಕ್ಕಿ ಯಾರು ಕಳಿಸಿದರು ಅನ್ನುವುದನ್ನು ಹಸಿದವರು ಕೇಳುವುದಿಲ್ಲ. ಪಟ್ಟಿ ಯಾರ ಕೈಯಲ್ಲಿದೆಯೋ ಅವನ ಹಿಂದೆ ಜನ ಹೋಗುತ್ತಾರೆ, ಹೋಗದೆ ಬೇರೆ ದಾರಿ ಇರುವುದಿಲ್ಲ. ನಮ್ಮಲ್ಲಿ ಆ ಪುಢಾರಿಗೆ ಬೇಕಿದ್ದದ್ದು ಓಟು, ಅಷ್ಟೇ. ಅವನ ಕೈಯಲ್ಲಿ ಬಂದೂಕು ಇದ್ದಿದ್ದರೆ? ತಹಶೀಲ್ದಾರರೇ ಇಲ್ಲದಿದ್ದರೆ?

ಇದೇ ಪ್ರಶ್ನೆಯನ್ನು ನನ್ನ ಸಂಸ್ಥೆಗೆ ಬರೆದೆ. ನನ್ನ ದುಡ್ಡಿನ ಜೋಳ ಶಿಬಿರ ಮುಟ್ಟಿದ ಮೇಲೆ ಪಟ್ಟಿ ಬರೆಯುವವರು ಯಾರು, ಹಂಚುವವರು ಯಾರು, ದಾರಿಯಲ್ಲಿ ತೆರಿಗೆ ಕೇಳಿದರೆ ಏನು ಮಾಡುತ್ತೀರಿ? ಉತ್ತರ ಬಂತು. "ನಿಮ್ಮ ಕಾಳಜಿಗೆ ಧನ್ಯವಾದ, ನಿಮ್ಮಂಥವರಿಂದಲೇ ಜೀವ ಉಳಿಯುತ್ತಿದೆ", ಕೆಳಗೆ ಇನ್ನೊಂದು ಫೋಟೋ. ಬೇಜಾರಾಯಿತು. ಆಮೇಲೆ ನಾನೇ ಓದಲು ಶುರು ಮಾಡಿದೆ. ಓದಿದ್ದರಲ್ಲಿ ಗೋಮಾ ಎಂಬ ಊರಿನ ಕಥೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಗೋಮಾ ಇರುವುದು ಕಾಂಗೋದಲ್ಲಿ, ಆಗ ಆ ದೇಶಕ್ಕೆ ಝೈರ್ ಅಂತ ಹೆಸರು. ಕಿವು ಸರೋವರದ ದಂಡೆ, ರುವಾಂಡಾದ ಗಡಿಗೆ ಅಂಟಿಕೊಂಡ ಊರು. 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು 100 ದಿನದಲ್ಲಿ, ರುವಾಂಡಾದಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು. ಕೊಂದವರು ಬಹುಸಂಖ್ಯಾತ ಹುಟು ಜನಾಂಗದವರ ಸರ್ಕಾರದ ಸೇನೆ ಮತ್ತು ಇಂಟರಹಾಮ್ವೆ ಎಂಬ ಗುಂಪು. ಜುಲೈನಲ್ಲಿ ಪಾಲ್ ಕಗಾಮೆಯ ಟುಟ್ಸಿ ಪಡೆ ಗೆದ್ದಿತು. ಸೋತ ಸರ್ಕಾರ ಓಡುವಾಗ ಒಂಟಿಯಾಗಿ ಓಡಲಿಲ್ಲ. ಹುಟು ಜನರನ್ನೆಲ್ಲ ಹೆದರಿಸಿ, ಊರಿಗೆ ಊರನ್ನೇ ಎಬ್ಬಿಸಿಕೊಂಡು ಗಡಿ ದಾಟಿತು. ಜುಲೈ ಮಧ್ಯದ ನಾಲ್ಕೈದು ದಿನದಲ್ಲಿ ಗೋಮಾಕ್ಕೆ ಬಂದವರು ಸುಮಾರು 8 ಲಕ್ಷ. ಮಂತ್ರಿಗಳು, ಸೇನಾಧಿಕಾರಿಗಳು, ಬಂದೂಕು, ಬ್ಯಾಂಕಿನಿಂದ ಎತ್ತಿಕೊಂಡ ಹಣ, ಬಸ್ಸು, ಎಲ್ಲ ಬಂತು. ಅವರ ನಡುವೆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ಲಕ್ಷಾಂತರ ಪಾಪದ ಜನ ಕೂಡ.

ಅಲ್ಲಿನ ನೆಲ ಜ್ವಾಲಾಮುಖಿಯ ಕಪ್ಪು ಕಲ್ಲು. ಶೌಚಕ್ಕೆ ಗುಂಡಿ ತೋಡಲು ಆಗುವುದಿಲ್ಲ, ಹೆಣ ಹೂಳಲೂ ಆಗುವುದಿಲ್ಲ. ಕಾಲರಾ ಬಂತು. ಮೊದಲ ಒಂದು ತಿಂಗಳಲ್ಲೇ ಸುಮಾರು 50 ಸಾವಿರ ಜನ ಸತ್ತರು. ಆ ಚಿತ್ರ ಟಿವಿಯಲ್ಲಿ ಬಂದಾಗ ಜಗತ್ತು ದುಡ್ಡು ಸುರಿಯಿತು. ನರಮೇಧ ನಡೆಯುವಾಗ ಕೈಕಟ್ಟಿ ಕೂತ ದೇಶಗಳು ಈಗ ವಿಮಾನಗಟ್ಟಲೆ ಸಾಮಾನು ಕಳಿಸಿದವು. ನೂರಕ್ಕೂ ಹೆಚ್ಚು ಸಂಸ್ಥೆಗಳು ಗೋಮಾಕ್ಕೆ ಬಂದವು.

ಇಷ್ಟು ಜನರಿಗೆ ಹಂಚುವುದು ಹೇಗೆ? ಬಂದ ಜನ ರುವಾಂಡಾದಲ್ಲಿದ್ದ ತಾಲೂಕು, ಹಳ್ಳಿ ಪ್ರಕಾರವೇ ಗುಂಪುಗುಂಪಾಗಿ ಕೂತಿದ್ದರು. ಪ್ರತಿ ಗುಂಪಿಗೂ ಹಳೆಯ ಮುಖಂಡ ಇದ್ದ. ಸಂಸ್ಥೆಗಳಿಗೆ ಅದು ಅನುಕೂಲ ಅನ್ನಿಸಿತು. ಮುಖಂಡರನ್ನು ಕರೆದು ಪಟ್ಟಿ ಕೇಳಿದರು, ಮೂಟೆ ಅವರ ಕೈಗೇ ಕೊಟ್ಟರು. ಏಪ್ರಿಲ್‌ನಲ್ಲಿ ಯಾರನ್ನು ಕೊಲ್ಲಬೇಕು ಅಂತ ಪಟ್ಟಿ ಹಿಡಿದು ಓಡಾಡಿದವರಲ್ಲಿ ಹಲವರು ಆಗಸ್ಟ್‌ನಲ್ಲಿ ಯಾರಿಗೆ ಊಟ ಅನ್ನುವ ಪಟ್ಟಿ ಬರೆಯುತ್ತಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಬೋಗಸ್ ರೇಷನ್ ಕಾರ್ಡಿನ ಹಾಗೆ ಅಲ್ಲಿಯೂ ಇಲ್ಲದ ಜನರ ಹೆಸರು ಸೇರಿತು. ಹೆಚ್ಚಿಗೆ ಬಂದ ಮೂಟೆ ಮಾರಿ ದುಡ್ಡು ಮಾಡಿದರು. ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದ ನಿರಾಶ್ರಿತರ ಸಂಬಳದಲ್ಲೂ ಪಾಲು ವಸೂಲಿ ಮಾಡಿದರು. ಶಿಬಿರದೊಳಗೆ ಬಾರು, ಅಂಗಡಿ, ಕ್ಷೌರದಂಗಡಿ, ಸಿನಿಮಾ ಎಲ್ಲ ಶುರುವಾಯಿತು, ಇನ್ನೊಂದು ಕಡೆ ಸೋತ ಸೇನೆ ಕವಾಯತು ಮಾಡುತ್ತಿತ್ತು. ರಾತ್ರಿ ಗಡಿ ದಾಟಿ ರುವಾಂಡಾದೊಳಗೆ ನುಗ್ಗಿ ಬದುಕಿ ಉಳಿದವರನ್ನು ಕೊಂದು ಬರುತ್ತಿದ್ದರು. ಊರಿಗೆ ವಾಪಸ್ ಹೋಗುತ್ತೇನೆ ಅಂದ ಬಡಪಾಯಿಗೆ ಹೊಡೆತ, ಕೆಲವರಿಗೆ ಸಾವು. ಜನ ವಾಪಸ್ ಹೋದರೆ ಮುಖಂಡರ ಗತಿ ಏನು? ಶಿಬಿರ ಇದ್ದರೆ ಮಾತ್ರ ಅವರಿಗೆ ಊಟ, ದುಡ್ಡು, ಸೈನ್ಯಕ್ಕೆ ಹುಡುಗರು, ಹಿಂದೆ ಅಡಗಿಕೊಳ್ಳಲು ಹೆಂಗಸರು ಮಕ್ಕಳು.

ಇದು ಯಾರಿಗೂ ಗೊತ್ತಿರಲಿಲ್ಲ ಅಂತ ಅಲ್ಲ. ಆಗ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮುಖ್ಯಸ್ಥೆ ಸಡಾಕೊ ಒಗಾಟಾ. ಶಿಬಿರದಲ್ಲಿ ಬಂದೂಕಿನವರನ್ನೂ ಉಳಿದವರನ್ನೂ ಬೇರೆ ಮಾಡಲು ಸೈನಿಕರನ್ನು ಕಳಿಸಿ ಅಂತ ವಿಶ್ವಸಂಸ್ಥೆ ದೇಶಗಳನ್ನು ಕೇಳಿತು, ಅಂಥ ಪಡೆ ಬರಲೇ ಇಲ್ಲ. ಕೊನೆಗೆ ಒಗಾಟಾ ಅವರ ಸಂಸ್ಥೆ ತಾನೇ ದುಡ್ಡು ಕೊಟ್ಟು ಝೈರ್ ದೇಶದ 1500 ಸೈನಿಕರನ್ನು ಕಾವಲಿಗೆ ಹಾಕಿಕೊಂಡಿತು. ಅವರಿಂದ ಕಳ್ಳತನ ಒಂದಿಷ್ಟು ಕಡಿಮೆಯಾಯಿತು, ಬಂದೂಕಿನವರು ಮಾತ್ರ ಇದ್ದಲ್ಲೇ ಇದ್ದರು. ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆಯ ಫ್ರಾನ್ಸ್ ಘಟಕ 1994ರ ನವೆಂಬರ್‌ನಲ್ಲಿ ಶಿಬಿರ ಬಿಟ್ಟು ಹೊರಟಿತು. ಕೊಂದವರನ್ನು ಸಾಕುವ ಕೆಲಸಕ್ಕೆ ನಾವು ಕೈ ಜೋಡಿಸುವುದಿಲ್ಲ ಅನ್ನುವುದು ಅವರ ನಿಲುವು. ಉಳಿದ ಬಹಳಷ್ಟು ಸಂಸ್ಥೆಗಳು ಅಲ್ಲೇ ಉಳಿದವು. ಮಕ್ಕಳು ಏನು ತಪ್ಪು ಮಾಡಿದ್ದಾರೆ, ಅವರನ್ನು ಬಿಟ್ಟು ಹೇಗೆ ಹೋಗುವುದು ಅಂತ. ಯಾರು ಸರಿ? ನಾನು ತುಂಬಾ ದಿನ ಯೋಚಿಸಿದ್ದೇನೆ. ಹೊರಟವರ ಮೇಲೆ ನನಗೆ ಗೌರವ ಇದೆ. ಉಳಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಉಳಿದವರು ತಮಗೆ ದುಡ್ಡು ಕೊಡುವವರಿಗೆ ಪೂರ್ತಿ ಸತ್ಯ ಹೇಳಬೇಕಿತ್ತು. ಬರೀ ಕಾಲರಾ ಮಗುವಿನ ಫೋಟೋ ತೋರಿಸಿದ್ದು ತಪ್ಪು.

ಮುಂದೆ ಆಗಿದ್ದು ಇನ್ನೂ ಘೋರ. 1996ರ ಅಕ್ಟೋಬರ್, ನವೆಂಬರ್‌ನಲ್ಲಿ ರುವಾಂಡಾದ ಸೇನೆ ಮತ್ತು ಅದು ಬೆನ್ನಿಗೆ ನಿಂತ, ಝೈರ್ ಸರ್ಕಾರದ ವಿರುದ್ಧ ಎದ್ದ ಕಬಿಲಾ ಎಂಬ ನಾಯಕನ ಬಂಡುಕೋರರು ಶಿಬಿರಗಳ ಮೇಲೆ ದಾಳಿ ಮಾಡಿದರು. ನವೆಂಬರ್ ಮಧ್ಯದಲ್ಲಿ ಕೆಲವೇ ದಿನದಲ್ಲಿ ಐದು ಲಕ್ಷ ಜನ ತಲೆ ಮೇಲೆ ಗಂಟು ಹೊತ್ತು ರುವಾಂಡಾಕ್ಕೆ ನಡೆದು ವಾಪಸಾದರು. ಲಕ್ಷಾಂತರ ಜನ ಉಲ್ಟಾ ದಿಕ್ಕಿಗೆ, ಕಾಂಗೋದ ಕಾಡಿನೊಳಗೆ ಓಡಿದರು. ಅಲ್ಲಿ ಹಸಿವಿಗೆ, ರೋಗಕ್ಕೆ, ಬೆನ್ನಟ್ಟಿ ಬಂದ ಸೈನಿಕರ ಗುಂಡಿಗೆ ಸತ್ತವರಲ್ಲಿ ಮಕ್ಕಳು, ಮುದುಕರು, ಹೆಂಗಸರು ಎಷ್ಟೋ. 1997ರ ಮೇ 17ಕ್ಕೆ ಬಂಡುಕೋರರು ರಾಜಧಾನಿ ಕಿನ್ಶಾಸಾ ಹಿಡಿದರು. 1998ರಲ್ಲಿ ಎರಡನೇ ಯುದ್ಧ ಶುರುವಾಗಿ ಸುತ್ತಲಿನ ಹಲವು ದೇಶಗಳು ಸೇರಿಕೊಂಡವು. ರುವಾಂಡಾದ ಒಳಯುದ್ಧ ಶಿಬಿರದ ದಾರಿಯಿಂದ ಕಾಂಗೋಕ್ಕೆ ದಾಟಿತು, ಇವತ್ತಿಗೂ ಆರಿಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ದೇಶದ ಸೈನಿಕರು ವರ್ಷಗಟ್ಟಲೆ ಇದ್ದದ್ದು ಇದೇ ಗೋಮಾದಲ್ಲಿ. 2025ರ ಜನವರಿ ಕೊನೆಗೆ ಎಂ23 ಎಂಬ ಬಂಡುಕೋರರು ಗೋಮಾ ಹಿಡಿದರು. ಅವರ ಹಿಂದೆ ರುವಾಂಡಾ ಇದೆ ಅಂತ ವಿಶ್ವಸಂಸ್ಥೆಯ ತಜ್ಞರು ವರದಿ ಕೊಟ್ಟಿದ್ದಾರೆ. ರುವಾಂಡಾ ಕೊಡುವ ಕಾರಣ ಈಗಲೂ ಅದೇ, 1994ರ ಕೊಲೆಗಾರರ ಪಳೆಯುಳಿಕೆ ಗುಂಪು ಕಾಂಗೋದಲ್ಲಿ ಇದೆ ಅನ್ನುವುದು.

ಇದೊಂದೇ ಉದಾಹರಣೆ ಅಲ್ಲ. 1980ರ ದಶಕದಲ್ಲಿ ಪಾಕಿಸ್ತಾನಕ್ಕೆ ಓಡಿಬಂದ ಅಫ್ಘನ್ನರು ರೇಷನ್‌ಗೆ ಹೆಸರು ಬರೆಸಬೇಕಾದರೆ ಪೇಶಾವರದ ಏಳು ಹೋರಾಟಗಾರ ಪಕ್ಷಗಳಲ್ಲಿ ಒಂದಕ್ಕೆ ಸೇರಬೇಕಿತ್ತು. ಅದಕ್ಕೂ ಮುಂಚೆ, 1967ರಿಂದ 70ರವರೆಗೆ ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದಲ್ಲಿ, ಹಾಲಿನ ಪುಡಿ ತರುವ ವಿಮಾನವೂ ಮದ್ದುಗುಂಡು ತರುವ ವಿಮಾನವೂ ಊಲಿ ಎಂಬ ಒಂದೇ ರನ್‌ವೇಯಲ್ಲಿ ರಾತ್ರಿ ಕತ್ತಲಲ್ಲಿ ಇಳಿಯುತ್ತಿದ್ದವು. ಆ ಹಾಲಿನ ಪುಡಿಯಿಂದ ಎಷ್ಟೋ ಮಕ್ಕಳು ಬದುಕಿದರು, ಅದೇ ನೆರವಿನಿಂದ ಯುದ್ಧವೂ ಎಳೆಯಿತು ಅನ್ನುವವರಿದ್ದಾರೆ. ಎರಡೂ ಒಟ್ಟಿಗೇ ನಿಜ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ನಿರಾಶ್ರಿತರು ಬಂದರೆ ಯುದ್ಧವೂ ಬರುತ್ತದೆ ಅಂತ ಯಾರೂ ತಿಳಿಯಬೇಡಿ, ಕೈಮುಗಿದು ಹೇಳುತ್ತೇನೆ. ನಮ್ಮ ಬೈಲಕುಪ್ಪೆ, ಮುಂಡಗೋಡಕ್ಕೆ ಹೋಗಿ ನೋಡಿ. 1960ರ ದಶಕದಲ್ಲಿ ಬಂದ ಟಿಬೆಟನ್ನರಿಗೆ ಅವತ್ತಿನ ಮೈಸೂರು ಸರ್ಕಾರ ಜಮೀನು ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಶಾಲೆ, ಮಠ, ಸಹಕಾರ ಸಂಘ ಕಟ್ಟಿಕೊಂಡರು. ಗಡಿ ಸಾವಿರಾರು ಕಿಲೋಮೀಟರ್ ದೂರ. ಕೈಗೆ ಕೆಲಸ ಇತ್ತು, ಊಟಕ್ಕಾಗಿ ಬಂದೂಕಿನವನ ಮುಂದೆ ಸಾಲು ನಿಲ್ಲುವ ಗತಿ ಬರಲಿಲ್ಲ. ನಿರಾಶ್ರಿತರನ್ನು ಗಡಿಯಿಂದ ದೂರ ಇರಿಸಬೇಕು ಅಂತ ಆಫ್ರಿಕಾದ ದೇಶಗಳೇ 1969ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಗೋಮಾದಲ್ಲಿ ಅದನ್ನು ಪಾಲಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಈಗ ಸುಡಾನಿಗೆ ಬರುತ್ತೇನೆ, ನನ್ನ 750 ರೂಪಾಯಿ ಹೋಗಬೇಕು ಅಂತ ನಾನು ಬಯಸಿದ್ದು ಅಲ್ಲಿಗೇ. ಈ ಯುದ್ಧದಲ್ಲಿ ಮನೆ ಬಿಟ್ಟವರು ಒಂದು ಕೋಟಿಗೂ ಹೆಚ್ಚು. ಅಲ್ಲಿಯವರ ಮುಖ್ಯ ಊಟ ಜೋಳ, ನಮ್ಮ ಉತ್ತರ ಕರ್ನಾಟಕದ ಹಾಗೇ. ಕಿಸ್ರಾ ಅಂತ ತೆಳು ರೊಟ್ಟಿ ಮಾಡುತ್ತಾರೆ, ಅಸೀದಾ ಅಂತ ಸಂಗಟಿಯಂಥದ್ದು ತಿರುವುತ್ತಾರೆ. ಅಲ್ಲಿ ಎರಡೂ ಕಡೆಯವರಿಗೆ ಜೋಳವೇ ಆಯುಧ. 2023ರ ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಹಿಡಿತಕ್ಕೆ ಹೋದ ಗೆಜಿರಾ ಸೀಮೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಗೋದಾಮು ಲೂಟಿಯಾಯಿತು, ಸುಮಾರು 15 ಲಕ್ಷ ಜನರಿಗೆ ಒಂದು ತಿಂಗಳಿಗೆ ಸಾಲುವಷ್ಟು ಆಹಾರ ಹೋಯಿತು. ಇನ್ನೊಂದು ಕಡೆ, 2024ರ ಫೆಬ್ರವರಿಯಲ್ಲಿ ಸೇನೆಯ ಸರ್ಕಾರ ಚಾಡ್ ಗಡಿಯ ಅದ್ರೆ ದಾರಿಯನ್ನು ನೆರವಿಗೆ ಮುಚ್ಚಿತು. ಆ ದಾರಿಯಲ್ಲಿ ಎದುರಾಳಿಗೆ ಆಯುಧ ಬರುತ್ತದೆ ಅನ್ನುವುದು ಅದರ ಮಾತು. ಆಗಸ್ಟ್‌ವರೆಗೆ ತೆರೆಯಲಿಲ್ಲ. ಅದೇ ಆಗಸ್ಟ್‌ನಲ್ಲಿ ಎಲ್ ಫಾಶರ್ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರು ಘೋಷಿಸಿದರು. ಇದು ಅಲ್ಲಿಗೆ ಹೊಸದೂ ಅಲ್ಲ. ಸರ್ಕಾರಕ್ಕೂ ದಕ್ಷಿಣದ ಬಂಡುಕೋರರಿಗೂ ಹಿಂದಿನ ಯುದ್ಧ ನಡೆಯುತ್ತಿದ್ದ 1989ರಲ್ಲಿ 'ಲೈಫ್‌ಲೈನ್ ಸುಡಾನ್' ಅಂತ ವಿಶ್ವಸಂಸ್ಥೆ ದೊಡ್ಡ ನೆರವು ಶುರು ಮಾಡಿದಾಗಲೂ ಯಾವ ಊರಿಗೆ ವಿಮಾನ ಇಳಿಯಬೇಕು ಅನ್ನುವುದು ರಾಜಧಾನಿ ಖಾರ್ತೂಮ್‌ನ ಸರ್ಕಾರದ ಒಪ್ಪಿಗೆಯ ಮೇಲಿತ್ತು. 1998ರಲ್ಲಿ ಬಹರ್ ಎಲ್ ಗಝಲ್ ಸೀಮೆಗೆ ವಿಮಾನ ನಿಲ್ಲಿಸಿದರು, ಅಲ್ಲಿ ಕ್ಷಾಮ ಬಿತ್ತು. ಬಂಡುಕೋರರ ಕಡೆ ಹೋದ ಜೋಳದಲ್ಲಿ ಅವರ ಸೈನಿಕರು ಜನರಿಂದ ಪಾಲು ಕಿತ್ತುಕೊಂಡರು.

ನಮ್ಮ ಹಕ್ಕಿಪಿಕ್ಕಿಗಳು ಇದ್ದ ಎಲ್ ಫಾಶರ್ ಏನಾಯಿತು ಗೊತ್ತಾ? ಆರ್‌ಎಸ್‌ಎಫ್ 2024ರಿಂದ ಸುತ್ತುವರಿದು, ಒಂದೂವರೆ ವರ್ಷ ಒಳಗೆ ಏನೂ ಹೋಗದಂತೆ ಮಾಡಿತು. ಕೊನೆಕೊನೆಗೆ ಜನ ಅಂಬಾಝ್ ತಿಂದು ಬದುಕಿದರು. ಅಂಬಾಝ್ ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ, ನಾವು ಎಮ್ಮೆಗೆ ಹಾಕುತ್ತೇವಲ್ಲ ಅದೇ. 2025ರ ಅಕ್ಟೋಬರ್ 26ಕ್ಕೆ ಊರು ಅವರ ಕೈಗೆ ಬಿತ್ತು, ಆಮೇಲೆ ನಡೆದ ಕೊಲೆಗಳನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಧೈರ್ಯ ಕೊಟ್ಟದ್ದು ಅಲ್ಲಿನ ಓಣಿಯ ಹುಡುಗ ಹುಡುಗಿಯರು ನಡೆಸುವ ಅಡುಗೆಮನೆಗಳು. ತಕಾಯಾ ಅನ್ನುತ್ತಾರೆ, ಹೇಳಿಮಾಡಿಸಿದ ಗಂಜಿ ಕೇಂದ್ರ. ನೆರೆಹೊರೆಯವರೇ ಸೇರಿ 'ತುರ್ತು ಕೋಣೆ'ಗಳು ಅಂತ ಗುಂಪು ಕಟ್ಟಿಕೊಂಡಿದ್ದಾರೆ. ವಿದೇಶದಲ್ಲಿರುವ ಸುಡಾನಿಗಳು ಮೊಬೈಲ್ ಬ್ಯಾಂಕಿನಲ್ಲಿ ದುಡ್ಡು ಕಳಿಸುತ್ತಾರೆ, ಇವರು ಊರಲ್ಲೇ ಬೇಳೆ, ಜೋಳ ಕೊಂಡು ಬೇಯಿಸುತ್ತಾರೆ. ದೊಡ್ಡ ಗೋದಾಮಿಲ್ಲ, ಲಾರಿಗಳ ಸಾಲಿಲ್ಲ, ಹಾಗಾಗಿ ಲೂಟಿ ಮಾಡಲು ಸಿಗುವುದೂ ಕಡಿಮೆ. ಬೇಯಿಸಿದ ಬೇಳೆಯನ್ನು ಯಾವ ಸೇನೆ ಹೊತ್ತುಕೊಂಡು ಹೋಗುತ್ತದೆ ಹೇಳಿ. ಯಾರ ಮನೆಯಲ್ಲಿ ಎಷ್ಟು ಹೊಟ್ಟೆ ಅಂತ ಓಣಿಯವರಿಗೇ ಗೊತ್ತು. ಅವರಿಗೂ ಅಪಾಯ ಇದೆ. ಎರಡೂ ಕಡೆಯವರು ಇವರನ್ನು ಹಿಡಿದಿದ್ದಾರೆ, ಕೊಂದಿದ್ದಾರೆ. 2025ರ ಶುರುವಿನಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ಇಂಥ ನೂರಾರು ಅಡುಗೆಮನೆ ಮುಚ್ಚಿದವು. ನೆರವು ಕೊಟ್ಟರೆ ಯುದ್ಧ ಎಳೆಯುತ್ತದೆ, ಅದಕ್ಕೆ ಕೊಡುವುದೇ ಬೇಡ ಅನ್ನುವವರು ಇದನ್ನು ನೋಡಬೇಕು. ನೆರವು ನಿಂತಿತು, ಯುದ್ಧ ಒಂದು ದಿನವೂ ನಿಲ್ಲಲಿಲ್ಲ.

ಇದೆಲ್ಲ ತಿಳಿದ ಮೇಲೆ ಸಂಸ್ಥೆಗೆ ಮತ್ತೆ ಬರೆದೆ. ಈ ಸಲ ಉದ್ದದ ಪತ್ರ, ಪ್ರಶ್ನೆಗೆ ನಂಬರು ಹಾಕಿ. ಒಂದು ತಿಂಗಳಾದ ಮೇಲೆ ಒಬ್ಬ ಮೇಡಂ ಫೋನ್ ಮಾಡಿದರು. ತಪ್ಪಿಸಿಕೊಳ್ಳದೆ ಮಾತಾಡಿದರು, ಅದು ನನಗೆ ಖುಷಿ ಕೊಟ್ಟಿತು. ಈಗ ರೇಷನ್ ಕಾರ್ಡನ್ನು ಗುಂಪಿನ ಮುಖಂಡನಿಗೆ ಕೊಡದೆ ಮನೆಮನೆಗೆ, ಆದಷ್ಟು ಮನೆಯ ಹೆಂಗಸಿನ ಹೆಸರಿಗೇ ಕೊಡುತ್ತೇವೆ ಅಂದರು. ದಾರಿಯ ನಾಕಾಗಳಲ್ಲಿ ದುಡ್ಡು ಕೇಳುತ್ತಾರೆ, ಕೆಲವು ಸಲ ಲಾರಿಯನ್ನೇ ವಾಪಸ್ ತಿರುಗಿಸಿದ್ದೇವೆ ಅಂತ ಒಪ್ಪಿಕೊಂಡರು. ಹಾಗಾದರೆ ಮೇಡಂ, ಇದನ್ನು ತಿಂಗಳ ಇಮೇಲಿನಲ್ಲಿ ಯಾಕೆ ಬರೆಯುವುದಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದರೆ ಜನ ಕೊಡೋದು ನಿಲ್ಲಿಸ್ತಾರೆ ಅನ್ನೋ ಭಯ ಸರ್" ಅಂದರು.

ನಾನು ನಿಲ್ಲಿಸಿಲ್ಲ. ಲಾರಿ ವಾಪಸ್ ತಿರುಗಿಸಿದ್ದೇವೆ ಅಂದ ಮೇಲೆ ನನಗೆ ನಂಬಿಕೆ ಜಾಸ್ತಿಯೇ ಆಯಿತು. ಆದರೆ ಅದನ್ನು ತಿಳಿಯಲು ಒಬ್ಬ ಗಿರಾಕಿ ವರ್ಷಗಟ್ಟಲೆ ಬೆನ್ನು ಹತ್ತಬೇಕಾದರೆ ಸೇವೆ ಸರಿ ಇಲ್ಲ ಅಂತಲೇ ಅರ್ಥ. 5ರಲ್ಲಿ 3 ಕೊಡುತ್ತೇನೆ. ಕಳೆದ ಎರಡರಲ್ಲಿ ಅರ್ಧ ಅಂಕ ಬ್ಯಾಂಕಿಗೆ ಅಲೆಸಿದ್ದಕ್ಕೆ, ಉಳಿದದ್ದೆಲ್ಲ ಮುಚ್ಚಿಟ್ಟಿದ್ದಕ್ಕೆ. ನೀವು ಸೇರುವುದಾದರೆ ಟ್ಯಾಬ್ ಹಿಡಿದ ಹುಡುಗನ ಹತ್ತಿರ ಜಗಳ ಬೇಡ, ಅವನಿಗೆ ಇದೆಲ್ಲ ಯಾರೂ ಹೇಳಿರುವುದಿಲ್ಲ. ಕಚೇರಿಗೆ ಬರೆಯಿರಿ. ಪಟ್ಟಿ ಯಾರು ಬರೆಯುತ್ತಾರೆ, ಯಾವಾಗಾದರೂ ಒಂದು ಜಾಗ ಬಿಟ್ಟು ಬಂದಿದ್ದೀರಾ, ಯಾಕೆ ಬಂದಿರಿ, ಇಷ್ಟು ಕೇಳಿ. ಎಲ್ಲೂ ಬಿಟ್ಟು ಬಂದಿಲ್ಲ, ಎಲ್ಲೂ ಏನೂ ಕಳೆದಿಲ್ಲ ಅನ್ನುವ ಸಂಸ್ಥೆಗೆ ನಾನಾದರೆ ಕೊಡುವುದಿಲ್ಲ.

ಆ ಓಣಿ ಅಡುಗೆಮನೆಗಳಿಗೆ ನಿಮ್ಮ ಮೂಲಕ ಎಷ್ಟು ಹೋಗುತ್ತದೆ ಅಂತ ನಾನು ಕೇಳಿದ್ದ ಕೊನೆಯ ಪ್ರಶ್ನೆಗೆ ಮೇಡಂ "ವಿಚಾರಿಸಿ ಹೇಳ್ತೀನಿ" ಅಂದಿದ್ದರು. ಇನ್ನೂ ಹೇಳಿಲ್ಲ. ಹೇಳಿದರೆ ಇಲ್ಲೇ ಸೇರಿಸುತ್ತೇನೆ.